ಬೆಸುಗೆ, ಐವತ್ತು ಮಿಲಿಮೀಟರ್

ಆರು ವರ್ಷ ಇವನ್ನೆಲ್ಲ ಬರೀ ಬರೆದೆ:
ತಂತಿ, ಸೊನ್ನೆ ದಶಾಂಶ ಒಂಬತ್ತು, ಹದಿನೈದು ಕೆಜಿ ಉರುಳೆ.
ಆರ್ಗಾನ್ ಬೆರಕೆ, ಒಂದು ಸಿಲಿಂಡರ್.
ತಾಮ್ರದ ತುದಿ, ಹತ್ತರ ಪೊಟ್ಟಣ.
ತೆರಿಗೆ ಕೂಡಿಸಿದೆ, ಕಡತಕ್ಕೆ ಹಾಕಿದೆ.
ಗಾಜಿನಾಚೆ ನೀಲಿ ಮಿಂಚುತ್ತಿತ್ತು.
ನಾನು ತಲೆ ಎತ್ತುತ್ತಿರಲಿಲ್ಲ;
ಕಣ್ಣು ಹೋದೀತೆಂದು ಮೊದಲ ದಿನವೇ ಹೇಳಿದ್ದರು.

ವಾಗಾ ವಾಗಾ.
ಇಲ್ಲಿನವರು ಅರ್ಧ ನುಂಗಿ ವಾಗಾ ಅನ್ನುತ್ತಾರೆ,
ನಾನು ಬಿಡದೆ ಎರಡು ಸಲ.
ಬಿಸಿ ಬಿಸಿ, ಮೆಲ್ಲ ಮೆಲ್ಲ, ಸಾಕು ಸಾಕು ಅನ್ನುವ ನಾಲಿಗೆಗೆ
ಇಂಥ ಊರು ಸಿಕ್ಕಿದ್ದು ಪುಣ್ಯ.

ಜುಲೈನ ಒಂದು ಮಂಗಳವಾರ,
ಹೊರಗೆ ಇಬ್ಬನಿ ಗಟ್ಟಿಯಾದ ದಿನ,
ನೋಲೀನ್ ತನ್ನ ಹಳೇ ಕೈಗವಸು ಮೇಜಿಗೆಸೆದಳು.
"ಲೆಕ್ಕ ಆಮೇಲೆ. ಬಾ, ಚಂಪ್."
(ಚಂಪಾವತಿ ಇಲ್ಲಿ ಅಷ್ಟಕ್ಕೇ ಮುಗಿಯುತ್ತಾಳೆ.)

ಮೊದಲು ತುಕ್ಕು ತಿಕ್ಕು. ಬಣ್ಣ ತಿಕ್ಕು.
ಅರ್ಥ್ ಕ್ಲಾಂಪು ಕಚ್ಚಿಸು, ಬರಿಮೈಗೆ.
ತಂತಿ ಎಷ್ಟು ಹೊರಗೆ? ಕಿರುಬೆರಳ ಉಗುರಿನಷ್ಟು.
ಉದ್ದವಾದರೆ ತೊದಲುತ್ತದೆ,
ಗಿಡ್ಡವಾದರೆ ತಾಮ್ರಕ್ಕೇ ಅಂಟುತ್ತದೆ.
ಮೊದಲು ಚುಕ್ಕೆ ಇಡು, ಇಲ್ಲೊಂದು, ಅಲ್ಲೊಂದು,
ಕಾದ ತಗಡು ಸೊಟ್ಟಗಾಗದ ಹಾಗೆ.
ಚುಕ್ಕೆ ಕಂಡರೆ ರಂಗೋಲಿ ಎನ್ನುವವಳು ನಾನಲ್ಲ;
ನನ್ನ ರಂಗೋಲಿ ಒಮ್ಮೆಯೂ ಸರಿಯಾಗಿ ಕೂಡಿದ್ದಿಲ್ಲ.

ಮುಖವಾಡ ಇಳಿಸಿದೆ. ಬಂದೂಕಿನ ಕುದುರೆ ಅದುಮಿದೆ.
ಕತ್ತಲು.
ಕತ್ತಲಲ್ಲಿ ಕಡಲೆಕಾಳಿನಷ್ಟು ಕೊಳ,
ಹಸಿರು ಗಾಜಿನೊಳಗೆ ಅಲುಗುತ್ತಿದೆ.
"ಬೆಳಕು ನೋಡಬೇಡ," ಹಿಂದಿನಿಂದ ಅವಳು,
"ಕೊಳದ ಮುಂದಿನ ದಂಡೆ ನೋಡು."
ತಳ್ಳು, ಎಳೆಯಬೇಡ. ಬಂದೂಕು ತುಸು ವಾಲಲಿ,
ಕಿವುಡರ ಮಾತಿಗೆ ಕತ್ತು ವಾಲಿಸುವಷ್ಟು.

ಸದ್ದು ಕೇಳು, ಅಂದಳು, ಬೇಕನ್ ಹುರಿದ ಹಾಗೆ.
ಬೇಕನ್ ನಾನು ಹುರಿದವಳಲ್ಲ.
ಸಾಸಿವೆಯಂತೆ ಚಟಪಟ ಸಿಡಿದರೆ ತಂತಿ ಹೆಚ್ಚು, ವೋಲ್ಟು ಕಡಿಮೆ;
ಒಂದೇ ಸಮ ಮಿರ್ಚಿ ಬಜ್ಜಿ ಕರಿಯುವ ಸದ್ದು ಬಂದರೆ ಹದ.
ಗೋಡೆಯ ಚಾರ್ಟಿಗಿಂತ ನನಗೆ ಇದರ ಮೇಲೆ ನಂಬಿಕೆ.

ಯಾರೋ ಶಟರ್ ಎತ್ತಿದರು. ಗಾಳಿ ನುಗ್ಗಿತು.
ಕಣ್ಣಿಗೆ ಕಾಣದೆ ಬಂದು ಕಾಯುತ್ತಿದ್ದ ಅನಿಲ
ಕಣ್ಣಿಗೆ ಕಾಣದೆ ಹೋಯಿತು,
ಬೆಸುಗೆಯ ತುಂಬ ತೂತು.
ಎಲ್ಲರ ಮನೆ ದೋಸೆಯೂ ತೂತೇ ಅಂದೆ, ಬಿಡಿಸಿ ಹೇಳಿದೆ.
ನಕ್ಕಳು. ಗ್ರೈಂಡರ್ ಕೈಗಿಟ್ಟಳು.
ದೋಸೆಯ ಮೇಲೆ ಕುದುರೆ ನಿಲ್ಲಿಸುವುದಿಲ್ಲ, ಅಂದಳು.

ಬೆಸುಗೆ.
ಈ ಪದ ನಾನು ಓದಿದ್ದೆಲ್ಲ ಲಗ್ನಪತ್ರಿಕೆಗಳಲ್ಲಿ:
ಎರಡು ಹೃದಯಗಳ, ಎರಡು ಮನೆತನಗಳ.
ಅಲ್ಲಿ ಯಾರೂ ತುಕ್ಕು ತಿಕ್ಕಿದ್ದು ಕಾಣೆ,
ಎಷ್ಟು ಆಂಪಿಯರ್ ಎಂದು ಕೇಳಿದ್ದು ಕಾಣೆ.

ಮೂರನೆಯ ವಾರ ಒಂದು ಚಂದದ ಗೆರೆ ಬಂತು,
ನಾಣ್ಯದ ಮೇಲೆ ನಾಣ್ಯ ಒರಗಿಸಿದ ಹಾಗೆ.
ಫೋಟೋ ತೆಗೆದು ತಂಗಿಗೆ ಕಳಿಸಿದೆ.
ನೋಲೀನ್ ಅದನ್ನು ವೈಸಿಗೆ ಸಿಕ್ಕಿಸಿ
ಸುತ್ತಿಗೆಯಲ್ಲಿ ಒಂದೇ ಏಟು ಕೊಟ್ಟಳು.
ಟಪ್.
ಗೆರೆ ಇಡಿಯಾಗಿ ಎದ್ದು ಬಂತು.
ಕೆಳಗೆ ತಗಡು ಬೆಂಕಿಯನ್ನೇ ಕಾಣದ ಹಾಗೆ.
ಮೇಲೆ ಸುಮ್ಮನೆ ಮಲಗಿತ್ತು, ಅಷ್ಟೇ.
ಆ ಚೂರು ಈಗ ನನ್ನ ಮೇಜಿನ ಮೇಲಿದೆ, ಬಿಲ್ಲುಗಳು ಹಾರದಂತೆ.
ತಂಗಿಗೆ ಇನ್ನೂ ಹೇಳಿಲ್ಲ.

ಇವತ್ತು ಮ್ಯಾಕಿನರ್ನಿಯ ಕುದುರೆ ಟ್ರೈಲರ್,
ಹತ್ತುಹಲಗೆಯ ಕೀಲು.
ವೋಲ್ಟು ಒಂದು ಮನೆ ಏರಿಸಿದೆ. ನಿಧಾನ ಹೋದೆ.
ಗೆರೆ ಅಂಕುಡೊಂಕು; ಎರಡೂ ದಂಡೆ ಕಚ್ಚಿವೆ.
ನೋಲೀನ್ ಅಡಿಯಲ್ಲಿ ತೂರಿ ನೋಡಿದಳು, ಮಾತಾಡಲಿಲ್ಲ,
ಅಂದರೆ ಸರಿ.
ಆತ ಕುದುರೆ ತಂದ. ಮುದುಕಿ, ಹೆಸರು ಡಾಟ್.
ಅದು ಹಲಗೆ ಮೂಸಿತು. ಯೋಚಿಸಿತು.
ಒಂದು ಮುಂಗಾಲು. ಇನ್ನೊಂದು.
ಆಮೇಲೆ ನಾನೂರೈವತ್ತು ಕೆಜಿ.
ಕೀಲು ಏನೂ ಅನ್ನಲಿಲ್ಲ.

ಒಳಗೆ ಹೋಗಿ ಬಿಲ್ಲು ಬರೆದೆ:
ತಂತಿ, ಇಷ್ಟು. ಅನಿಲ, ಇಷ್ಟು.
ಬೆಸುಗೆ, ಐವತ್ತು ಮಿಲಿಮೀಟರ್.
ಕೂಲಿಯ ಕಾಲಮ್ಮಿನೆದುರು ಪೆನ್ನು ಸ್ವಲ್ಪ ಹೊತ್ತು ನಿಂತಿತು,
ಬೆರಳಲ್ಲಿ ಇನ್ನೂ ಕೈಗವಸಿನ ವಾಸನೆ.